ವ್ಯಾಪಾರಸ್ಥನ ಜಾಲತಾಣ: ತಂತ್ರಾಂಶದ ಆಯ್ಕೆಯಲ್ಲಿ ಗಮನಿಸಬೇಕಾದ ಸಂಗತಿಗಳು

ಪೇಟೆಯಲ್ಲಿ ಅಂಗಡಿಯನ್ನು ತೆರೆಯಬಯಸುವವನು ಮೊದಲು ಜಾಗವನ್ನು ನೋಡುತ್ತಾನೆ. ಅಲ್ಲಿ ಜನಸಂಚಾರವಿದೆಯೇ, ಮಳೆಗಾಲದಲ್ಲಿ ನೀರು ನುಗ್ಗುವುದೇ, ಮಳಿಗೆಯ ಮಾಲೀಕನು ಬಾಡಿಗೆಯನ್ನು ಮನಬಂದಂತೆ ಏರಿಸುವವನೇ, ಬಿಟ್ಟುಹೋಗುವ ಕಾಲ ಬಂದರೆ ಕಪಾಟುಗಳನ್ನು ಕಿತ್ತೊಯ್ಯಲು ಅವಕಾಶವುಂಟೇ ಎಂಬುದನ್ನೆಲ್ಲ ಹತ್ತು ಸಲ ವಿಚಾರಿಸಿದ ಬಳಿಕವೇ ಮುಂಗಡ ಹಣವನ್ನು ಕೊಡುತ್ತಾನೆ. ಇಷ್ಟು ಎಚ್ಚರಿಕೆಯುಳ್ಳ ವ್ಯಾಪಾರಸ್ಥನೇ ಅಂತರಜಾಲದಲ್ಲಿ ಅಂಗಡಿ ತೆರೆಯುವಾಗ ಯಾರೋ ಹೇಳಿದ ಮೊದಲ ಹೆಸರನ್ನು ಒಪ್ಪಿಕೊಂಡು ಬಿಡುವುದು ವಿಚಿತ್ರವೆನಿಸಿದರೂ ದಿಟ. ಅದರ ಫಲವು ಕೂಡಲೆ ಕಾಣುವುದಿಲ್ಲ. ಎರಡು ಮೂರು ವರ್ಷಗಳು ಕಳೆದ ಮೇಲೆ ಬೆಲೆಯನ್ನು ತಿದ್ದಲು ಬಾರದ ಪುಟಗಳು, ಬಿಟ್ಟುಹೋಗಲಾಗದ ಬಾಡಿಗೆ, ಯಾರ ಬಳಿಯಿದೆಯೆಂದು ತಿಳಿಯದ ಬೀಗದ ಕೈ, ಇವು ಒಂದೊಂದಾಗಿ ಎದುರಾಗುತ್ತವೆ. ವಾಣಿಜ್ಯಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಳೂ ಸ್ವಂತ ಉದ್ಯೋಗವನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳೂ ಈ ವಿಷಯವನ್ನು ಮೊದಲೇ ಅರಿತಿರುವುದು ಲೇಸು.

ಜಾಲತಾಣವನ್ನು ಕಟ್ಟಿ ನಡೆಸಲು ನೆರವಾಗುವ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಸಿಎಂಎಸ್ ಎಂದು ಕರೆಯುವುದೇ ಹೆಚ್ಚು ರೂಢಿಯಲ್ಲಿದೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಉತ್ತರವಿಲ್ಲ. ತಾಣವನ್ನು ದಿನವೂ ನೋಡಿಕೊಳ್ಳುವವರು ಯಾರು, ಬಿಡಬೇಕಾಗಿ ಬಂದಾಗ ತನ್ನ ಸರಕನ್ನು ತಾನು ಒಯ್ಯಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಂಡರೆ ಆಯ್ಕೆಯು ತಾನಾಗಿಯೇ ಸುಲಭವಾಗುತ್ತದೆ.

ಸ್ಥಾವರ ಪುಟಗಳ ಕಾಲ

ಬ್ರಿಟಿಷ್ ವಿಜ್ಞಾನಿ ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟುದು 1989ರಲ್ಲಿ. 1991ರ ವೇಳೆಗೆ ಮೊದಲ ಜಾಲತಾಣವು ಹೊರಗಿನವರಿಗೂ ದೊರೆಯುವಂತಾಯಿತು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಜಾಲದ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಆ ಒಂದು ನಿರ್ಧಾರದಿಂದಲೇ ಜಾಲವು ಸಾಮಾನ್ಯರ ಸೊತ್ತಾಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಆ ಕಾಲದ ಪುಟಗಳನ್ನು ಒಂದೊಂದಾಗಿ ಕೈಯಿಂದ ಬರೆಯಬೇಕಾಗಿತ್ತು. ಪುಟದಲ್ಲಿ ಕಾಣಬೇಕಾದ ಮಾತು, ಅದರ ಬಣ್ಣ, ಅಕ್ಷರದ ಗಾತ್ರ, ಚಿತ್ರದ ಜಾಗ, ಎಲ್ಲವೂ ಒಂದೇ ಕಡತದಲ್ಲಿ ಬೆರೆತಿರುತ್ತಿದ್ದವು. ಬಾಗಿಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಇನ್ನೂರು ಬಗೆಯ ಸೀರೆಗಳನ್ನು ಮಾರುವ ವ್ಯಾಪಾರಿಯೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಆತನು ಈ ಕ್ರಮದಲ್ಲಿ ಇನ್ನೂರು ಪುಟಗಳನ್ನು ಬರೆಸಿದನೆಂದಾದರೆ, ಅಂಗಡಿಯ ದೂರವಾಣಿ ಸಂಖ್ಯೆ ಬದಲಾದ ದಿನ ಇನ್ನೂರು ಪುಟಗಳನ್ನೂ ತಿದ್ದಿಸಬೇಕಾಗುತ್ತದೆ. ರೇಷ್ಮೆಯ ದರ ಏರಿದ ವಾರವೂ ಅದೇ ಕೆಲಸ. ತಿದ್ದುವವನು ಊರಿನಲ್ಲಿಲ್ಲದಿದ್ದರೆ ಹಳೆಯ ಬೆಲೆಯೇ ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಕೊಂಡ ಮೇಲೆ ಹೆಚ್ಚು ಕೇಳಿದರೆ ವಿಶ್ವಾಸ ಹೋಗುತ್ತದೆ, ಕೇಳದಿದ್ದರೆ ಗಂಟಿಗೆ ನಷ್ಟ.

ಇಂತಹ ಪುಟಗಳನ್ನು ಸ್ಥಾವರವೆಂದೂ, ಕೇಳಿದ ಕ್ಷಣಕ್ಕೆ ರೂಪುಗೊಳ್ಳುವ ಪುಟಗಳನ್ನು ಜಂಗಮವೆಂದೂ ಕರೆಯಬಹುದು. ಶರಣಸಾಹಿತ್ಯದಲ್ಲಿ ಆ ಪದಗಳಿಗಿರುವ ಪಾರಮಾರ್ಥಿಕ ಅರ್ಥವನ್ನು ಇಲ್ಲಿಗೆ ಎಳೆದು ತರುವುದು ಉಚಿತವಲ್ಲ. ನಿಂತದ್ದು, ಚಲಿಸುವುದು ಎಂಬ ಸರಳಾರ್ಥದಲ್ಲಿಯೇ ಅವು ಈ ಭೇದವನ್ನು ಚೆನ್ನಾಗಿ ತಿಳಿಸುತ್ತವೆ.

ಕೊಂಡಿಯ ವಿದ್ಯೆ

ಸಿಎಂಎಸ್ ಮಾಡುವ ಮುಖ್ಯ ಕಾರ್ಯವನ್ನು ಇಳಕಲ್ಲಿನ ನೇಕಾರನಿಗೆ ವಿವರಿಸುವುದು ಕಷ್ಟವಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿರಬಹುದು, ಸೆರಗು ರೇಷ್ಮೆಯದು. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸುವ ವಿದ್ಯೆಗೆ ಕೊಂಡಿ ಎಂದು ಹೆಸರು. ಉಡುವವಳಿಗೆ ಕಾಣುವುದು ಒಂದೇ ಸೀರೆ; ನೇಯುವವನಿಗೆ ಅದು ಎರಡರ ಕೂಡಿಕೆ.

ಸಿಎಂಎಸ್ ಸಹ ವಿಷಯವನ್ನು ಒಂದೆಡೆ, ರೂಪವನ್ನು ಇನ್ನೊಂದೆಡೆ ಇರಿಸುತ್ತದೆ. ಸೀರೆಯ ಹೆಸರು, ಒಡಲಿನ ಬಣ್ಣ, ಗೋಮಿ ಅಥವಾ ಗಾಡಿ ಮೊದಲಾದ ಅಂಚಿನ ಬಗೆ, ನೂಲು, ಉದ್ದ, ಬೆಲೆ, ಚಿತ್ರ ಇವೆಲ್ಲ ಡೇಟಾಬೇಸ್ ಎಂಬ ಲೆಕ್ಕದ ಪುಸ್ತಕದಲ್ಲಿ ಸಾಲು ಸಾಲಾಗಿ ದಾಖಲಾಗುತ್ತವೆ. ಪುಟದ ಬಣ್ಣ, ಅಕ್ಷರ, ಅಂಗಡಿಯ ಲಾಂಛನ, ದೂರವಾಣಿ ಸಂಖ್ಯೆ ಇವು ಟೆಂಪ್ಲೇಟ್ ಎಂಬ ಅಚ್ಚಿನಲ್ಲಿರುತ್ತವೆ. ಗಿರಾಕಿಯು ಪುಟವನ್ನು ಕೇಳಿದಾಗ ತಂತ್ರಾಂಶವು ಎರಡನ್ನೂ ಕೂಡಿಸಿ ಕಳುಹಿಸುತ್ತದೆ. ದೂರವಾಣಿ ಸಂಖ್ಯೆಯನ್ನು ಅಚ್ಚಿನಲ್ಲಿ ಒಮ್ಮೆ ತಿದ್ದಿದರೆ ಇನ್ನೂರು ಪುಟಗಳಲ್ಲಿಯೂ ತಿದ್ದಿದಂತಾಯಿತು. ಬೆಲೆಯನ್ನು ತಿದ್ದಲು ಗಣಕಭಾಷೆಯನ್ನು ಬಲ್ಲವರೇ ಬೇಕಾಗಿಲ್ಲ. ಅಂಗಡಿಯ ಗುಮಾಸ್ತನು ತನ್ನ ಹೆಸರು, ಗುಪ್ತಪದಗಳನ್ನು ಕೊಟ್ಟು ಒಳಹೊಕ್ಕು ತಾನೇ ತಿದ್ದಬಹುದು. ಯಾರು ಬರೆಯಬಹುದು, ಯಾರು ಪ್ರಕಟಿಸಬಹುದು, ಯಾರು ಅಳಿಸಬಹುದು ಎಂಬ ಅಧಿಕಾರದ ಹಂಚಿಕೆಯೂ ಇಲ್ಲಿ ಸಾಧ್ಯವಾಗುತ್ತದೆ.

ದೊರೆಯುವ ಬಗೆಗಳು

ಈ ವ್ಯವಸ್ಥೆಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಮುಕ್ತ ತಂತ್ರಾಂಶಗಳ ವರ್ಗ. ಇವುಗಳನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಒಳಗನ್ನು ಓದಬಹುದು, ತಿದ್ದಬಹುದು, ತಮಗೊಪ್ಪುವ ಸರ್ವರಿನಲ್ಲಿ ನಿಲ್ಲಿಸಬಹುದು. ಬೆಲ್ಜಿಯಂ ದೇಶದ ಡ್ರೀಸ್ ಬೌಟಾರ್ಟ್ ಅವರು 2001ರಲ್ಲಿ ಹೊರತಂದ ದ್ರೂಪಲ್, ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅವರು 2003ರ ಮೇ 27ರಂದು ಬಿಡುಗಡೆ ಮಾಡಿದ ವರ್ಡ್‌ಪ್ರೆಸ್, ಮ್ಯಾಂಬೊ ಎಂಬ ತಂತ್ರಾಂಶದಿಂದ ಕವಲೊಡೆದು 2005ರಲ್ಲಿ ಹುಟ್ಟಿದ ಜೂಮ್ಲಾ, ಇವು ಆ ವರ್ಗದ ಪ್ರಸಿದ್ಧ ಹೆಸರುಗಳು. ದಿನಚರಿಯಂತಹ ಬರಹಗಳನ್ನು ಪ್ರಕಟಿಸುವ ಸಾಧನವಾಗಿ ಮೊದಲಾದ ವರ್ಡ್‌ಪ್ರೆಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕವುಗಳಿಗೆ ಆಧಾರವಾಗಿದೆ. 2011ರಲ್ಲಿ ಬಂದ ವೂಕಾಮರ್ಸ್ ಎಂಬ ಜೋಡಣೆಯನ್ನು ಸೇರಿಸಿದರೆ ಅದೇ ತಂತ್ರಾಂಶವು ಮಾರಾಟದ ಅಂಗಡಿಯೂ ಆಗುತ್ತದೆ. ದ್ರೂಪಲ್ ಹೆಚ್ಚು ಸಮರ್ಥವಾದುದು, ಹೆಚ್ಚು ಕಲಿಕೆಯನ್ನು ಬೇಡುವಂಥದು. ಹಲವು ಇಲಾಖೆಗಳು, ಹಲವು ಹಂತಗಳ ಅನುಮೋದನೆ, ಸಹಸ್ರಾರು ದಾಖಲೆಗಳಿರುವ ದೊಡ್ಡ ಸಂಸ್ಥೆಗಳಿಗೆ ಒಪ್ಪುವಂಥದು. ಜೂಮ್ಲಾ ಇವೆರಡರ ನಡುವಣ ಸ್ಥಾನದಲ್ಲಿದೆ.

ಎರಡನೆಯದು ಬಾಡಿಗೆಯ ವರ್ಗ. ಇಲ್ಲಿ ತಂತ್ರಾಂಶ, ಸರ್ವರು, ರಕ್ಷಣೆ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿರುತ್ತವೆ. ವ್ಯಾಪಾರಸ್ಥನು ತಿಂಗಳಿಗೋ ವರ್ಷಕ್ಕೋ ಹಣ ಕಟ್ಟುತ್ತಾನೆ. 2006ರಲ್ಲಿ ಆರಂಭವಾದ ಕೆನಡಾದ ಶಾಪಿಫೈ, ಅದೇ ವರ್ಷ ಇಸ್ರೇಲಿನಲ್ಲಿ ಹುಟ್ಟಿದ ವಿಕ್ಸ್, ಅಮೆರಿಕದ ಸ್ಕ್ವೇರ್‌ಸ್ಪೇಸ್ ಇವು ಈ ವರ್ಗದವು. ಶಾಪಿಫೈಯನ್ನು ಕಟ್ಟಿದವರು ಮೊದಲು ಅಂತರಜಾಲದಲ್ಲಿ ಹಿಮಹಲಗೆಗಳನ್ನು ಮಾರುವ ಅಂಗಡಿಯನ್ನು ತೆರೆದಿದ್ದರು. ದೊರೆಯುತ್ತಿದ್ದ ತಂತ್ರಾಂಶಗಳು ತೃಪ್ತಿ ಕೊಡದೆ ತಾವೇ ಒಂದನ್ನು ರಚಿಸಿಕೊಂಡರು. ಸರಕಿಗಿಂತ ಅದನ್ನು ಮಾರುವ ಸಾಧನವೇ ದೊಡ್ಡ ವ್ಯಾಪಾರವಾಯಿತು.

ಇವೆರಡರ ಹೊರಗೆ ಮತ್ತೊಂದು ದಾರಿಯೂ ಉಂಟು. ಅಂಗಡಿಯ ವಿಳಾಸ, ಸಮಯ, ನಾಲ್ಕಾರು ಚಿತ್ರಗಳು ಇಷ್ಟನ್ನೇ ತೋರಿಸಬೇಕಾದವನಿಗೆ, ವರ್ಷಕ್ಕೆ ಎರಡು ಸಲವೂ ಬದಲಾವಣೆಯಿಲ್ಲದವನಿಗೆ ಸ್ಥಾವರ ಪುಟಗಳೇ ಸಾಕು. 2008ರ ಜೆಕಿಲ್, 2013ರ ಹ್ಯೂಗೊ ಮೊದಲಾದ ಸಾಧನಗಳು ಅಚ್ಚು ಮತ್ತು ವಿಷಯಗಳನ್ನು ಮೊದಲೇ ಕೂಡಿಸಿ ಸಿದ್ಧ ಪುಟಗಳನ್ನು ಮಾಡಿಕೊಡುತ್ತವೆ. ಅವುಗಳಲ್ಲಿ ಕಳ್ಳನು ನುಗ್ಗಲು ಬಾಗಿಲುಗಳು ಕಡಿಮೆ. ಬೇಕಿಲ್ಲದ ಯಂತ್ರವನ್ನು ಕೊಳ್ಳದಿರುವುದೂ ಒಂದು ಆಯ್ಕೆಯೇ ಸರಿ.

ಬಾಡಿಗೆಯ ಮಳಿಗೆ

ಬಾಡಿಗೆಯ ವ್ಯವಸ್ಥೆಯ ಗುಣವನ್ನು ಕಡೆಗಣಿಸಲಾಗದು. ಗಣಕಯಂತ್ರದ ಒಳಹೊರಗನ್ನು ಅರಿಯದವನೂ ಕೆಲವೇ ದಿನಗಳಲ್ಲಿ ಅಂಗಡಿ ತೆರೆಯಬಹುದು. ರಾತ್ರಿ ಸರ್ವರು ನಿಂತುಹೋದರೆ ಅದನ್ನು ಎಬ್ಬಿಸುವ ಹೊಣೆ ಕಂಪನಿಯದು. ಮದುವೆಯ ಕಾಲದಲ್ಲಿ ಗಿರಾಕಿಗಳ ದಟ್ಟಣೆ ಒಮ್ಮೆಲೇ ಏರಿದರೂ ಸೀರೆಯ ವ್ಯಾಪಾರಿಯು ಆ ಚಿಂತೆಯನ್ನು ಹೊರಬೇಕಾಗಿಲ್ಲ.

ತೊಡಕು ಇರುವುದು ಬಿಡುವ ದಿನದಲ್ಲಿ. ಶಾಪಿಫೈಯಿಂದ ಸರಕುಗಳ ಪಟ್ಟಿಯನ್ನೂ ಗಿರಾಕಿಗಳ ಪಟ್ಟಿಯನ್ನೂ ಕೋಷ್ಟಕದ ರೂಪದಲ್ಲಿ ಹೊರತೆಗೆದುಕೊಳ್ಳಬಹುದು. ಆದರೆ ಪುಟಗಳ ವಿನ್ಯಾಸವು ಆ ಕಂಪನಿಯ ಸರ್ವರಿಗೆ ಹೊಂದಿಕೊಂಡಂಥದು, ಹೊರಗೆ ಅದು ನಡೆಯುವುದಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿ ಬೇರೆ ಸರ್ವರಿನಲ್ಲಿ ನಿಲ್ಲಿಸುವ ಅನುಕೂಲವಿಲ್ಲ. ಕಂಪನಿಯು ದರವನ್ನೇರಿಸಿದರೆ ಅಥವಾ ಸೇವೆಯನ್ನೇ ನಿಲ್ಲಿಸಿದರೆ ಬಾಡಿಗೆದಾರನು ಮತ್ತೆ ಮೊದಲಿನಿಂದ ಕಟ್ಟಬೇಕು. ಇದು ಬರಿಯ ಊಹೆಯಲ್ಲ. 1994ರಲ್ಲಿ ಆರಂಭವಾಗಿ ಲಕ್ಷಾಂತರ ಜನರಿಗೆ ಉಚಿತವಾಗಿ ಪುಟಗಳನ್ನು ಕೊಟ್ಟಿದ್ದ ಜಿಯೋಸಿಟೀಸ್ ಸೇವೆಯನ್ನು 1999ರಲ್ಲಿ ಯಾಹೂ ಕಂಪನಿಯು ಕೊಂಡಿತು. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅದನ್ನು ಮುಚ್ಚಿತು. ತಮ್ಮ ಪುಟಗಳ ಪ್ರತಿಯನ್ನು ಇಟ್ಟುಕೊಂಡಿರದವರು, ಬೇರೆ ಯಾರಾದರೂ ಉಳಿಸಿಟ್ಟ ಪ್ರತಿಗಳನ್ನು ಹುಡುಕಬೇಕಾಯಿತು.

ಸ್ವಂತ ಕಟ್ಟಡದ ಹೊಣೆ

ಹಾಗೆಂದು ಮುಕ್ತ ತಂತ್ರಾಂಶವನ್ನು ಆರಿಸಿದೊಡನೆ ಚಿಂತೆಯೆಲ್ಲ ಕಳೆಯಿತೆಂದು ತಿಳಿಯುವುದು ತಪ್ಪು. ಸ್ವಂತ ಮನೆಯ ಮಾಡು ಸೋರಿದರೆ ಮಾಲೀಕನೇ ಏಣಿ ಹತ್ತಬೇಕು. 2014ರ ಅಕ್ಟೋಬರ್ 15ರಂದು ದ್ರೂಪಲ್ ತಂತ್ರಾಂಶದಲ್ಲಿ ಗಂಭೀರವಾದ ದೋಷವೊಂದು ಪ್ರಕಟವಾಯಿತು. ಅಂದೇ ಅದಕ್ಕೆ ಪರಿಹಾರವನ್ನೂ ಕೊಡಲಾಯಿತು. ಎರಡು ವಾರಗಳ ಬಳಿಕ ಅದರ ರಕ್ಷಣಾ ತಂಡವು, ಪ್ರಕಟಣೆಯ ನಂತರದ 7 ಗಂಟೆಗಳೊಳಗೆ ಪರಿಹಾರವನ್ನು ಅಳವಡಿಸದ ತಾಣಗಳು ಆಕ್ರಮಣಕ್ಕೆ ಒಳಗಾಗಿವೆಯೆಂದೇ ಭಾವಿಸಿಕೊಳ್ಳಬೇಕೆಂದು ಎಚ್ಚರಿಸಿತು. ಏಳು ಗಂಟೆಗಳೆಂದರೆ ಒಂದು ರಾತ್ರಿಯ ನಿದ್ದೆ. ದೋಷವನ್ನು ತಿದ್ದುವವರು ಇದ್ದರು, ಪರಿಹಾರ ಉಚಿತವಾಗಿತ್ತು. ಹಚ್ಚುವ ಕೈ ಇಲ್ಲದವನಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಆವೃತ್ತಿಗಳ ಆಯುಷ್ಯವೂ ಗಣನೆಗೆ ಬರಬೇಕು. 2011ರಲ್ಲಿ ಬಂದ ದ್ರೂಪಲ್‌ನ ಏಳನೆಯ ಆವೃತ್ತಿಗೆ ದೊರೆಯುತ್ತಿದ್ದ ಅಧಿಕೃತ ಬೆಂಬಲವು 2025ರ ಜನವರಿ 5ಕ್ಕೆ ಮುಗಿಯಿತು. ಅದರಿಂದ ಮುಂದಿನ ಆವೃತ್ತಿಗಳಿಗೆ ಹೋಗುವುದೆಂದರೆ ಸುಣ್ಣ ಬಳಿಯುವ ಕೆಲಸವಾಗಿರಲಿಲ್ಲ, ಗೋಡೆಗಳನ್ನೇ ಹೊಸದಾಗಿ ಕಟ್ಟುವ ಕೆಲಸವಾಗಿತ್ತು. ವರ್ಡ್‌ಪ್ರೆಸ್‌ನಲ್ಲಿ ಅಪಾಯವು ಹೆಚ್ಚಾಗಿ ಪ್ಲಗಿನ್ ಎಂಬ ಜೋಡಣೆಗಳ ಮೂಲಕ ಬರುತ್ತದೆ. ಒಂದೊಂದನ್ನೂ ಬೇರೆ ಬೇರೆಯವರು ರಚಿಸಿರುತ್ತಾರೆ. ಕೆಲವರು ನಡುವೆಯೇ ಕೈಬಿಡುತ್ತಾರೆ. ಇಪ್ಪತ್ತು ಜೋಡಣೆಗಳಿರುವ ತಾಣವು ಇಪ್ಪತ್ತು ಬಾಗಿಲುಗಳ ಮನೆಯಂತೆ. ಒಂದರ ಚಿಲಕ ಸಡಿಲವಾದರೂ ಸಾಕು.

ಮುಕ್ತ ತಂತ್ರಾಂಶವೂ ಒಂದು ಕೇಂದ್ರವನ್ನು ಅವಲಂಬಿಸಿರುತ್ತದೆಂಬುದು 2024ರಲ್ಲಿ ಸ್ಪಷ್ಟವಾಯಿತು. ವರ್ಡ್‌ಪ್ರೆಸ್‌ನ ಸ್ಥಾಪಕರಲ್ಲೊಬ್ಬರಾದ ಮಲೆನ್‌ವೆಗ್ ಅವರಿಗೂ ವರ್ಡ್‌ಪ್ರೆಸ್ ತಾಣಗಳಿಗೆ ಸರ್ವರನ್ನೊದಗಿಸುವ ಡಬ್ಲ್ಯುಪಿ ಎಂಜಿನ್ ಕಂಪನಿಗೂ ವಿವಾದವುಂಟಾಗಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿಯ ಸರ್ವರುಗಳಿಗೆ ಕೇಂದ್ರ ಭಂಡಾರದಿಂದ ಬರುತ್ತಿದ್ದ ನವೀಕರಣಗಳು ತಡೆಗೊಂಡವು. ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯವು ಮಧ್ಯಂತರ ಆಜ್ಞೆಯ ಮೂಲಕ ಹಿಂದಿನ ಸ್ಥಿತಿಗೆ ಮರಳಿಸಿತು. ವ್ಯಾಜ್ಯದಲ್ಲಿ ಯಾವ ಪಾತ್ರವೂ ಇಲ್ಲದ ತಾಣಗಳ ಒಡೆಯರು ನಡುವೆ ಸಿಕ್ಕಿಬಿದ್ದರು. ಆದರೂ ಒಂದು ಭೇದವನ್ನು ಮರೆಯಬಾರದು: ಅವರ ತಂತ್ರಾಂಶವೂ ಡೇಟಾಬೇಸೂ ಬೇರೊಂದು ಸರ್ವರಿಗೆ ಒಯ್ಯಬಹುದಾದಂಥವಾಗಿದ್ದವು. ಬಾಡಿಗೆಯ ಮಳಿಗೆಯಲ್ಲಿ ಆ ಅವಕಾಶವಿಲ್ಲ.

ಬಿಟ್ಟುಹೋಗುವ ಅಗತ್ಯವು ಬಡವನಿಗೆ ಮಾತ್ರ ಬರುವುದೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಅಧ್ಯಕ್ಷರ ಶ್ವೇತಭವನದ ಜಾಲತಾಣವು 2009ರಲ್ಲಿ ದ್ರೂಪಲ್ಲಿಗೆ ಬದಲಾಯಿತು. 2017ರ ಡಿಸೆಂಬರಿನಲ್ಲಿ ಅದನ್ನು ಬಿಟ್ಟು ವರ್ಡ್‌ಪ್ರೆಸ್ಸಿಗೆ ಬಂದಿತು. ಅಷ್ಟು ದೊಡ್ಡ ಕಚೇರಿಯೇ ಎಂಟು ವರ್ಷಗಳಲ್ಲಿ ಮನೆ ಬದಲಿಸಿತೆಂದ ಮೇಲೆ, ಸಾಮಾನ್ಯ ವ್ಯಾಪಾರಸ್ಥನು ಕಟ್ಟುವ ದಿನವೇ ಬಿಡುವ ದಿನವನ್ನೂ ನೆನೆಯುವುದು ವಿವೇಕ.

ಉಚಿತವೆಂಬುದರ ಬೆಲೆ

ತಂತ್ರಾಂಶವು ಉಚಿತವಾದರೂ ತಾಣವು ಉಚಿತವಲ್ಲ. ಡೊಮೈನ್ ಎಂಬ ವಿಳಾಸದ ಹೆಸರಿಗೆ ವರ್ಷವೂ ಶುಲ್ಕ, ಸರ್ವರಿನ ಜಾಗಕ್ಕೆ ಬಾಡಿಗೆ, ಕೆಲವು ಜೋಡಣೆಗಳಿಗೆ ವಾರ್ಷಿಕ ಚಂದಾ, ನೋಡಿಕೊಳ್ಳುವವನಿಗೆ ಕೂಲಿ ಇವು ಇದ್ದೇ ಇವೆ. 2016ರಲ್ಲಿ ಆರಂಭವಾದ ಯುಪಿಐ ಇಂದು ಹಳ್ಳಿಯ ಸಂತೆಯವರೆಗೂ ತಲುಪಿರುವುದರಿಂದ ಗಿರಾಕಿಗಳು ಅದರ ಮೂಲಕವೇ ಹಣ ಕೊಡಬಯಸುತ್ತಾರೆ. ಆರಿಸಿದ ವ್ಯವಸ್ಥೆಯು ಅದಕ್ಕೆ ಹೊಂದುವುದೇ, ನಡುವಣ ಸಂಸ್ಥೆಯು ಪ್ರತಿ ಮಾರಾಟದಲ್ಲಿ ಎಷ್ಟನ್ನು ಮುರಿದುಕೊಳ್ಳುತ್ತದೆ, ಜಿಎಸ್‌ಟಿ ನಮೂದಾದ ರಸೀದಿಯನ್ನು ಕೊಡಲು ಬರುವುದೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಒಂದು ವರ್ಷದ ಲೆಕ್ಕವು ಮೋಸಗೊಳಿಸಬಹುದು. ಐದು ವರ್ಷಗಳ ಲೆಕ್ಕವನ್ನು ಬರೆದು ಹೋಲಿಸಿದಾಗಲೇ ನಿಜವಾದ ಅಗ್ಗ ತುಟ್ಟಿ ತಿಳಿಯುತ್ತದೆ.

ಕನ್ನಡದ ಪ್ರಶ್ನೆ

ಕನ್ನಡದಲ್ಲಿ ವ್ಯವಹರಿಸಬಯಸುವವನು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಚ್ಚುಕೂಟಗಳಲ್ಲಿ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಸಿದ್ಧವಾದ ಬರಹವನ್ನು ಹಾಗೆಯೇ ತಾಣಕ್ಕೆ ಏರಿಸಿದರೆ ಗಿರಾಕಿಯ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹುಡುಕುವ ಯಂತ್ರಕ್ಕಂತೂ ಅದು ಕನ್ನಡವೇ ಅಲ್ಲ. ಬರಹವೆಲ್ಲವೂ ಯೂನಿಕೋಡ್ ಸಂಕೇತದಲ್ಲಿರಬೇಕು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಒಂದೇ ಸರಕನ್ನು ಕನ್ನಡ, ಇಂಗ್ಲಿಷ್, ಮರಾಠಿಗಳಲ್ಲಿ ತೋರಿಸಬೇಕಾಗಿದ್ದರೆ ದ್ರೂಪಲ್ ಮತ್ತು ಜೂಮ್ಲಾಗಳಲ್ಲಿ ಆ ಸೌಕರ್ಯವು ಮೂಲದಲ್ಲಿಯೇ ಇದೆ. ವರ್ಡ್‌ಪ್ರೆಸ್‌ನಲ್ಲಿ ಅದಕ್ಕಾಗಿ ಬೇರೆ ಜೋಡಣೆ ಬೇಕು. ಇಳಕಲ್ ಸೀರೆಯನ್ನು ಮಹಾರಾಷ್ಟ್ರದವರೂ ಮೆಚ್ಚಿ ಉಡುವುದರಿಂದ ಉದಾಹರಣೆಯ ವ್ಯಾಪಾರಿಗೆ ಇದು ಸಣ್ಣ ಮಾತಲ್ಲ.

ಆರಿಸುವ ಕ್ರಮ

ಯಾವ ಹೆಸರನ್ನೂ ನೋಡುವ ಮೊದಲು ವ್ಯಾಪಾರಸ್ಥನು ಒಂದು ಹಾಳೆಯಲ್ಲಿ ತನ್ನ ಅಗತ್ಯಗಳನ್ನು ಬರೆದುಕೊಳ್ಳಬೇಕು. ತಾಣದಲ್ಲಿ ಮಾರಾಟ ನಡೆಯಬೇಕೇ, ಪರಿಚಯ ಮಾತ್ರ ಸಾಕೇ? ಎಷ್ಟು ಸರಕುಗಳು? ವಾರಕ್ಕೆ ಎಷ್ಟು ಸಲ ಬದಲಾವಣೆ? ಯಾವ ಭಾಷೆಗಳು? ಬೆಲೆಯನ್ನು ತಿದ್ದುವವರು ಯಾರು? ಅವರು ರಜೆಯಲ್ಲಿದ್ದರೆ ಮತ್ತೆ ಯಾರು? ತಂತ್ರಾಂಶದ ದುರಸ್ತಿಗೆ ಹತ್ತಿರದಲ್ಲಿ ಬಲ್ಲವರು ಒಬ್ಬರೇ ಇರುವರೇ, ಹಲವರೇ? ಕೊನೆಯ ಪ್ರಶ್ನೆಯು ಬಹು ಮುಖ್ಯವಾದುದು. ಎಷ್ಟೇ ಉತ್ತಮ ಯಂತ್ರವಾದರೂ ಅದನ್ನು ರಿಪೇರಿ ಮಾಡುವವರು ಜಿಲ್ಲೆಯಲ್ಲೆಲ್ಲೂ ಇಲ್ಲವೆಂದರೆ ಅದು ಹೊರೆಯೇ ಆದೀತು. ವರ್ಡ್‌ಪ್ರೆಸ್‌ನ ದೊಡ್ಡ ಬಲವಿರುವುದು ಇಲ್ಲಿಯೇ. ಅದನ್ನು ಬಲ್ಲವರು ಊರೂರುಗಳಲ್ಲಿ ದೊರೆಯುತ್ತಾರೆ.

ಬಳಿಕ ಎರಡು ಮೂರು ವ್ಯವಸ್ಥೆಗಳನ್ನು ಪ್ರಾಯೋಗಿಕವಾಗಿ ತೆರೆದು, ಮುಂದೆ ದಿನವೂ ಕೆಲಸ ಮಾಡಬೇಕಾದವರನ್ನೇ ಅದರ ಮುಂದೆ ಕೂರಿಸಬೇಕು. ಅವರು ಯಾರ ನೆರವೂ ಇಲ್ಲದೆ ಒಂದು ಸೀರೆಯನ್ನು ಸೇರಿಸಲಿ, ಅದರ ಬೆಲೆಯನ್ನು ತಿದ್ದಲಿ, ಮಾರಾಟವಾದುದೆಂದು ಗುರುತಿಸಲಿ, ಮೊಬೈಲ್ ಫೋನಿನಲ್ಲಿ ತೆರೆದು ನೋಡಲಿ. ಅನಂತರ ತಾಣದ ಪ್ರತಿಯನ್ನು ತೆಗೆದು, ಆ ಪ್ರತಿಯಿಂದ ತಾಣವನ್ನು ಮತ್ತೆ ಎಬ್ಬಿಸಿ ನೋಡಬೇಕು. ಪ್ರತಿ ತೆಗೆಯುವುದನ್ನು ಅನೇಕರು ಮಾಡುತ್ತಾರೆ. ಅದರಿಂದ ಮರಳಿ ಕಟ್ಟಲು ಬರುವುದೇ ಎಂದು ಪರೀಕ್ಷಿಸುವವರು ವಿರಳ. ಮಾರಾಟಗಾರನ ವರ್ಣನೆಯನ್ನು ಇಡೀ ದಿನ ಕೇಳುವುದಕ್ಕಿಂತ ಈ ಅರ್ಧ ದಿನದ ಪರೀಕ್ಷೆಯು ಹೆಚ್ಚನ್ನು ತಿಳಿಸುತ್ತದೆ.

ಇಷ್ಟಾದ ಮೇಲೆ ಉತ್ತರವು ಬಹುಪಾಲು ಹೀಗೆ ಬರುತ್ತದೆ. ತಂತ್ರಜ್ಞರ ನೆರವಿಲ್ಲದೆ ಮಾರಾಟವೇ ಮುಖ್ಯವಾದವನಿಗೆ ಬಾಡಿಗೆಯ ಅಂಗಡಿ. ನಂಬಿಕೆಯ ನೆರವಿದ್ದು, ಬರಹ ಮತ್ತು ಮಾರಾಟಗಳೆರಡೂ ಬೇಕಾದ ಮಧ್ಯಮ ವ್ಯಾಪಾರಕ್ಕೆ ವರ್ಡ್‌ಪ್ರೆಸ್. ದೊಡ್ಡ ಸಂಸ್ಥೆಗೆ ದ್ರೂಪಲ್. ಹೆಸರು ವಿಳಾಸಗಳಷ್ಟೇ ಸಾಕೆನ್ನುವವನಿಗೆ ಸ್ಥಾವರ ಪುಟ.

ಬೀಗದ ಕೈ

ಯಾವುದನ್ನೇ ಆರಿಸಲಿ, ಒಂದು ನಿಯಮವನ್ನು ಮೀರಲಾಗದು. ತಾಣದ ವಿಳಾಸವು ವ್ಯಾಪಾರಸ್ಥನ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಕಟ್ಟಿಕೊಡುವವನು ತನ್ನ ಹೆಸರಿನಲ್ಲಿ, ತನ್ನ ಮಿಂಚಂಚೆಯಲ್ಲಿ ನೋಂದಾಯಿಸಿಬಿಟ್ಟರೆ, ಇಬ್ಬರ ನಡುವೆ ಮನಸ್ತಾಪ ಬಂದ ದಿನ ಅಂಗಡಿಯ ಬೋರ್ಡೇ ಪರರ ಪಾಲಾದೀತು. ಸರ್ವರಿನ ಖಾತೆ, ಒಳಹೋಗುವ ಮುಖ್ಯಾಧಿಕಾರ, ಗುಪ್ತಪದಗಳು ಒಡೆಯನ ವಶದಲ್ಲಿರಬೇಕು. ಕೆಲಸ ಮಾಡುವವರಿಗೆ ಕೆಲಸಕ್ಕೆ ತಕ್ಕಷ್ಟೇ ಅಧಿಕಾರ ಸಾಕು.

ಗಿರಾಕಿಗಳ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆಗಳಂತೂ ವ್ಯಾಪಾರಸ್ಥನಲ್ಲಿ ಇರಿಸಿದ ನಂಬಿಕೆಯ ಒತ್ತೆ. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಕಾನೂನನ್ನೇ ಅಂಗೀಕರಿಸಿದೆ. ಕಾನೂನಿನ ಭಯವಿರಲಿ ಇಲ್ಲದಿರಲಿ, ಬೇಡದ ವಿವರವನ್ನು ಕೇಳದಿರುವುದೂ, ಕೇಳಿದ್ದನ್ನು ಜೋಪಾನವಾಗಿ ಇರಿಸುವುದೂ ವ್ಯಾಪಾರಧರ್ಮ. ರಕ್ಷಣೆಯಿಲ್ಲದ ತಂತ್ರಾಂಶವನ್ನು ನಡೆಸುವವನು ತನ್ನ ಗಂಟನ್ನಷ್ಟೇ ಅಲ್ಲ, ಅನ್ಯರ ಗಂಟನ್ನೂ ಬಾಗಿಲಲ್ಲಿಟ್ಟು ಮಲಗಿದಂತಾಗುತ್ತದೆ.

ಕಾಯಕವೆಂಬ ಪದಕ್ಕೆ ದುಡಿಮೆಯೆಂದಷ್ಟೇ ಅರ್ಥವಲ್ಲ. ಅದರಲ್ಲಿ ಶುದ್ಧಿಯೂ ಹೊಣೆಯೂ ಅಡಗಿವೆ. ಕೊಳ್ಳುವವನ ಎದುರಿಗೆ ಕುಳಿತು ನಡೆಸುವ ವ್ಯಾಪಾರಕ್ಕೆ ಸಲ್ಲುವ ಆ ಮಾತು, ಕಾಣದ ಗಿರಾಕಿಯೊಡನೆ ನಡೆಸುವ ವ್ಯಾಪಾರಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಸರಿಯಾದ ಬೆಲೆ, ದಿಟವಾದ ಚಿತ್ರ, ಹೇಳಿದ ದಿನಕ್ಕೆ ತಲುಪುವ ಸರಕು ಇವುಗಳನ್ನು ಯಾವ ತಂತ್ರಾಂಶವೂ ತಾನಾಗಿ ಕೊಡಲಾರದು. ನಿತ್ಯವೂ ತಿದ್ದಿ ತೀಡಿ ನಡೆಸಬಲ್ಲ ಸಾಧನವೇ ಒಳ್ಳೆಯ ಸಾಧನ. ಒಡೆಯನ ಕೈಯಲ್ಲಿ ಕೀಲಿಕೈ ಇರುವ ಅಂಗಡಿಯೇ ಆತನ ಅಂಗಡಿ. ನಾಳೆ ಈ ಕ್ಷೇತ್ರಕ್ಕೆ ಇಳಿಯಲಿರುವ ಯುವಕ ಯುವತಿಯರು ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ, ಹೆಸರುಗಳು ಬದಲಾದರೂ ಆಯ್ಕೆಯಲ್ಲಿ ಅವರು ಎಡವಲಾರರು.